ರಾಶಿಯೂ ಸರಕೂ ಒಂದೇ ಆದ ರಸೀದಿ: ದೂರದ ಸರ್ವರ್‌ಗೆ ಡೀಬಗರ್ ಜೋಡಿಸಿದ ಎರಡು ಸಂಜೆ

ಸೋಮವಾರ ಬೆಳಗ್ಗೆ ಹತ್ತೂವರೆಗೆ ಸಂಘದ ಕಚೇರಿಯಿಂದ ಫೋನ್ ಬಂತು. ಮಲೆನಾಡಿನ ಒಂದು ಅಡಿಕೆ ಮಾರಾಟ ಸಹಕಾರ ಸಂಘ ಅದು. ಬೆಳೆಗಾರರು ತಂದ ಅಡಿಕೆಯನ್ನು ತೂಗಿ, ದರ್ಜೆ ಗುರುತಿಸಿ, ರಸೀದಿ ಕೊಡುವ ತಂತ್ರಾಂಶವನ್ನು ಬರೆದವನು ನಾನು. ನಾಲ್ಕು ವರ್ಷಗಳಿಂದ ನೋಡಿಕೊಳ್ಳುತ್ತಿರುವವನೂ ನಾನೇ. ರಸೀದಿ ವಿಭಾಗದ ಗುಮಾಸ್ತೆ ಹೆಚ್ಚು ಮಾತನಾಡುವವರಲ್ಲ. “ಸರ್, ಮತ್ತೆ ಪ್ರಶ್ನೆಚಿಹ್ನೆ ಬರುತ್ತಿದೆ” ಎಂದಷ್ಟೇ ಹೇಳಿ ಒಂದು ರಸೀದಿಯ ಫೋಟೊ ಕಳುಹಿಸಿದರು.

ಹಾಳೆಯ ಮೇಲಿನ ಶೀರ್ಷಿಕೆ, ಗೆರೆ, ಖಾನೆಗಳೆಲ್ಲ ಮೊದಲೇ ಅಚ್ಚಾಗಿರುತ್ತವೆ. ನಮ್ಮ ತಂತ್ರಾಂಶ ತುಂಬುವುದು ಖಾನೆಯೊಳಗಿನ ವಿವರಗಳನ್ನು ಮಾತ್ರ. ಚೀಲದ ಸಂಖ್ಯೆ, ತೂಕ, ಧಾರಣೆ, ಮೊತ್ತ ಎಲ್ಲವೂ ಸರಿಯಾಗಿದ್ದವು. ಬೆಳೆಗಾರರ ಹೆಸರಿನ ಜಾಗದಲ್ಲಿ ಆರು ಪ್ರಶ್ನೆಚಿಹ್ನೆ, ದರ್ಜೆಯ ಜಾಗದಲ್ಲಿ ಹನ್ನೆರಡು ಪ್ರಶ್ನೆಚಿಹ್ನೆ.

‘ಮತ್ತೆ’ ಎಂಬ ಮಾತು ನನಗೆ ನಾಟಿತು. ಒಂದೇ ವರ್ಷದಲ್ಲಿ ಇದು ಮೂರನೆಯ ಸಲ. ಹಿಂದಿನ ಎರಡೂ ಸಲ ನಾನು ಬೆಂಗಳೂರಿನಿಂದ ಸರ್ವರ್‌ಗೆ ಲಾಗಿನ್ ಆಗಿ, ನಮ್ಮ ತಂತ್ರಾಂಶವನ್ನು ಓಡಿಸುವ ಟಾಮ್‌ಕ್ಯಾಟ್ ನಿಲ್ಲಿಸಿ ಮತ್ತೆ ಚಾಲೂ ಮಾಡಿದ್ದೆ, ಕನ್ನಡ ಮರಳಿ ಬಂದಿತ್ತು. ಕಾರಣ ಹುಡುಕದೆ ಬಿಟ್ಟಿದ್ದೆ. ಹಾಗೆ ಬಿಡಬಾರದಿತ್ತು.

ರಸೀದಿ ಎಂಬ ಚೂರು ಕಾಗದದ ಬೆಲೆ ನನಗೆ ಗೊತ್ತು. ನಮ್ಮ ಅಪ್ಪ ಮಂಡಿಯಿಂದ ತಂದ ರಸೀದಿಗಳನ್ನು ಅಡುಗೆಮನೆಯ ಬಾಗಿಲ ಪಕ್ಕದ ಕೊಂಡಿತಂತಿಗೆ ಒಂದರ ಮೇಲೊಂದು ಚುಚ್ಚಿಡುತ್ತಿದ್ದರು. ಸಾಲದ ಲೆಕ್ಕ, ಕೂಲಿಯ ಲೆಕ್ಕ, ಮುಂದಿನ ವರ್ಷದ ಗೊಬ್ಬರದ ಲೆಕ್ಕ ಎಲ್ಲವೂ ಆ ತಂತಿಯಿಂದಲೇ ಇಳಿಯುತ್ತಿತ್ತು. ಶಿವಮೊಗ್ಗದ ಕಡೆಯ ಮಾರುಕಟ್ಟೆಯಲ್ಲಿ ಕೆಂಪಡಿಕೆಗೆ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ದರ್ಜೆಗಳಿವೆ. ಸರಕಿನ ಧಾರಣೆ ಎಲ್ಲಕ್ಕಿಂತ ಮೇಲೆ, ಗೊರಬಲಿನದು ಎಲ್ಲಕ್ಕಿಂತ ಕೆಳಗೆ. ತಾನು ಕೊಟ್ಟದ್ದು ಯಾವ ದರ್ಜೆಯ ಅಡಿಕೆ ಎಂದು ಕಾಗದ ಹೇಳದಿದ್ದರೆ ಆ ಕಾಗದಕ್ಕೆ ಅರ್ಥವಿಲ್ಲ.

ಈ ಸಲ ಮರುಚಾಲನೆ ಮಾಡಲಿಲ್ಲ. ಕೆಟ್ಟಿರುವ ಸ್ಥಿತಿಯಲ್ಲಿಯೇ ಅದನ್ನು ನೋಡಬೇಕಿತ್ತು. ಸಂಜೆಯವರೆಗೆ ಹೆಸರು ಮತ್ತು ದರ್ಜೆಯನ್ನು ಕೈಯಲ್ಲಿ ಬರೆದು ಮೊಹರು ಹಾಕಿ ಕೊಡಲು ಸಾಧ್ಯವೇ ಎಂದು ಕಾರ್ಯದರ್ಶಿಯವರನ್ನು ಕೇಳಿದೆ. ಅವರು ಒಪ್ಪಿದರು.

ಪ್ರಶ್ನೆಚಿಹ್ನೆಗಳ ಎಣಿಕೆ

ಡೀಬಗರ್ (ಓಡುತ್ತಿರುವ ತಂತ್ರಾಂಶವನ್ನು ನಿಲ್ಲಿಸಿ ಒಳಗೆ ನೋಡುವ ಸಾಧನ) ಮುಟ್ಟುವ ಮೊದಲು ಒಂದು ಕಾಗದ ತೆಗೆದುಕೊಂಡು ಎಣಿಸಿದೆ. ಕನ್ನಡದವರಿಗೆ ಈ ಎಣಿಕೆ ಬಹಳ ಉಪಯೋಗಕ್ಕೆ ಬರುತ್ತದೆ, ಆದ್ದರಿಂದ ವಿವರವಾಗಿ ಬರೆಯುತ್ತೇನೆ.

ಕಣ್ಣಿಗೆ ಎರಡೇ ಅಕ್ಷರವಾಗಿ ಕಾಣುವ ‘ರಾಶಿ’ ಪ್ರತಿ ಲಿಪಿಯ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನ ಲೆಕ್ಕದಲ್ಲಿ ನಾಲ್ಕು ಸಂಕೇತ: ರ, ಇಳಿ, ಶ, ಗುಡಿಸು. ಫೋಟೊದಲ್ಲಿದ್ದ ಬೆಳೆಗಾರರ ಹೆಸರನ್ನು ಇಲ್ಲಿ ಬರೆಯುವುದಿಲ್ಲ; ಅಷ್ಟೇ ಉದ್ದದ ‘ನಾಗಪ್ಪ’ ಎಂದು ಇಟ್ಟುಕೊಳ್ಳೋಣ. ನ, ಇಳಿ, ಗ, ಪ, ವಿರಾಮ (್), ಪ: ಒಟ್ಟು ಆರು. ಈ ಸಂಕೇತಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಅಂದರೆ ನಾಗಪ್ಪನಿಗೆ ಹದಿನೆಂಟು ಬೈಟ್, ರಾಶಿಗೆ ಹನ್ನೆರಡು.

ಈಗ ರಸೀದಿಯನ್ನು ನೋಡಿ. ಹೆಸರಿಗೆ ಆರು ಪ್ರಶ್ನೆಚಿಹ್ನೆ, ಅಂದರೆ ಸಂಕೇತಕ್ಕೊಂದು. ದರ್ಜೆಗೆ ಹನ್ನೆರಡು, ಅಂದರೆ ಬೈಟಿಗೊಂದು. ಒಂದೇ ಹಾಳೆಯ ಮೇಲೆ ಎರಡು ಬಗೆಯ ಹಾನಿ. ಹೆಸರು ಜ್ಞಾಪಕದಲ್ಲಿ ಸರಿಯಾಗಿಯೇ ಇದ್ದು ಹೊರಗೆ ಬರೆಯುವಾಗ ಕೆಟ್ಟಿದೆ. ದರ್ಜೆ ಒಳಗೆ ಓದುವಾಗಲೇ ಕೆಟ್ಟಿದೆ. ಇದು ಊಹೆ, ಆದರೆ ಗಟ್ಟಿ ಊಹೆ.

ಇನ್ನೂ ಒಂದು ಸಂಗತಿ ಆಗ ಹೊಳೆದು ಎದೆ ಝಲ್ಲೆಂದಿತು. ‘ಸರಕು’ ಕೂಡ ನಾಲ್ಕೇ ಸಂಕೇತ: ಸ, ರ, ಕ, ಕೊಂಬು. ಅದೂ ಹನ್ನೆರಡು ಪ್ರಶ್ನೆಚಿಹ್ನೆಯಾಗಿಯೇ ಅಚ್ಚಾಗುತ್ತದೆ. ‘ಬೆಟ್ಟೆ’ ಆರು, ‘ಗೊರಬಲು’ ಕೂಡ ಆರು, ಎರಡೂ ಹದಿನೆಂಟು. ನಾಲ್ಕು ದರ್ಜೆಗಳು ಎರಡು ಜೋಡಿಗಳಾಗಿ ಬೆರೆತುಹೋಗಿದ್ದವು. ಅತಿ ಹೆಚ್ಚು ಧಾರಣೆಯ ಸರಕು ಯಾವುದು, ರಾಶಿ ಯಾವುದು ಎಂದು ದರ್ಜೆಯ ಖಾನೆ ನೋಡಿ ಯಾರೂ ಹೇಳುವಂತಿರಲಿಲ್ಲ.

ನನ್ನ ಲ್ಯಾಪ್‌ಟಾಪಿನಲ್ಲಿ ಅದೇ ತಂತ್ರಾಂಶ, ಅದೇ ಜಾವಾ 11, ಅದೇ ಟಾಮ್‌ಕ್ಯಾಟ್ 9. ಅಲ್ಲಿ ನೂರು ಸಲ ರಸೀದಿ ತೆಗೆದರೂ ಕನ್ನಡ ಚೊಕ್ಕಟವಾಗಿ ಬಂತು. ಆದ್ದರಿಂದ ಲ್ಯಾಪ್‌ಟಾಪಿನ ಡೀಬಗರ್ ಅನ್ನು ಮುಂಬೈಯ ದತ್ತಾಂಶ ಕೇಂದ್ರದಲ್ಲಿರುವ ಆ ಸರ್ವರ್‌ಗೇ ಜೋಡಿಸಬೇಕಾಯಿತು.

ಬಾಗಿಲು ತೆರೆಯುವ ಬಗೆ

ಜಾವಾ ಭಾಷೆಯ ತಂತ್ರಾಂಶವನ್ನು ನಡೆಸುವ ಜಾವಾ ಯಂತ್ರದೊಳಗೆ ಇದಕ್ಕೆ ವ್ಯವಸ್ಥೆ ಮೊದಲಿನಿಂದಲೂ ಇದೆ. ಚಾಲೂ ಮಾಡುವಾಗ ‘ಏಜೆಂಟ್‌ಲಿಬ್’ ಎಂಬ ಆಯ್ಕೆಯ ಮೂಲಕ ಜೆಡಿಡಬ್ಲ್ಯುಪಿ ಎಂಬ ಸಹಾಯಕವನ್ನು ಎಬ್ಬಿಸಬೇಕು. ಅದಕ್ಕೆ ನಾಲ್ಕು ವಿಷಯ ಹೇಳಬೇಕು. ಸಾಗಣೆ ಸಾಕೆಟ್ ಮೂಲಕ. ಸರ್ವರ್ ಪಾತ್ರ ನಿನ್ನದೇ, ಅಂದರೆ ನೀನು ಕಾಯುತ್ತಿರು, ಡೀಬಗರ್ ಬಂದು ಸೇರುತ್ತದೆ. ಸಸ್ಪೆಂಡ್ ಬೇಡ, ಅಂದರೆ ಡೀಬಗರ್ ಬರುವವರೆಗೆ ಕೆಲಸ ನಿಲ್ಲಿಸಬೇಡ. ಕೊನೆಯದು ವಿಳಾಸ: 127.0.0.1 (ಅಂದರೆ ಇದೇ ಯಂತ್ರ), ಪೋರ್ಟ್ (ಬಾಗಿಲ ಸಂಖ್ಯೆ) 5005.

ವಿಳಾಸದ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಈ ಬಾಗಿಲಿಗೆ ಗುಪ್ತಪದವಿಲ್ಲ, ಮಾತು ಗೂಢಲಿಪಿಯಲ್ಲಿ ಹೋಗುವುದೂ ಇಲ್ಲ. ಬಂದು ಸೇರಿದವರು ತಂತ್ರಾಂಶವನ್ನು ನಿಲ್ಲಿಸಬಹುದು, ಜ್ಞಾಪಕದಲ್ಲಿರುವ ಎಲ್ಲವನ್ನೂ ಓದಬಹುದು, ತಮಗೆ ಬೇಕಾದ ಆಜ್ಞೆಯನ್ನು ಅದರ ಒಳಗೇ ನಡೆಸಬಹುದು. ಜಾವಾ 8ರವರೆಗೆ ಬರೀ ಪೋರ್ಟ್ ಸಂಖ್ಯೆ ಕೊಟ್ಟರೆ ಅದು ಎಲ್ಲ ಜಾಲಗಳಿಗೂ ತೆರೆದುಕೊಳ್ಳುತ್ತಿತ್ತು. ಜಾವಾ 9ರಿಂದ ಬರೀ ಸಂಖ್ಯೆ ಕೊಟ್ಟರೆ ಆ ಯಂತ್ರದೊಳಗಿನವರಿಗೆ ಮಾತ್ರ. ಹೊರಗಿನವರಿಗೂ ಬೇಕೆಂದರೆ ನಕ್ಷತ್ರ ಚಿಹ್ನೆಯನ್ನು ನಾವೇ ಬರೆಯಬೇಕು. ಆ ನಕ್ಷತ್ರವನ್ನು ಬರೆಯಲು ಹೇಳುವ ಸಲಹೆಗಳು ಎಲ್ಲೆಡೆ ಸಿಗುತ್ತವೆ. ದಯವಿಟ್ಟು ಬರೆಯಬೇಡಿ. ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಗೂಢಲಿಪಿಯ ಸಂಪರ್ಕ) ಸುರಂಗ ಇರುವಾಗ ಅದರ ಅಗತ್ಯವೇ ಇಲ್ಲ.

ಸುರಂಗ ಎಂದರೆ ಒಂದೇ ಸಾಲಿನ ಆಜ್ಞೆ: ಎಸ್‌ಎಸ್‌ಎಚ್‌ಗೆ ದೊಡ್ಡಕ್ಷರದ ಎಲ್ ಆಯ್ಕೆ ಕೊಟ್ಟು, ನನ್ನ ಯಂತ್ರದ 5005ಕ್ಕೆ ಬಂದದ್ದನ್ನು ಸರ್ವರ್‌ನ 127.0.0.1:5005ಕ್ಕೆ ತಲುಪಿಸು ಎಂದು ಹೇಳುವುದು. ದೊಡ್ಡಕ್ಷರದ ಎನ್ ಸೇರಿಸಿದರೆ ಶೆಲ್ ತೆರೆಯದೆ ಸುರಂಗ ಮಾತ್ರ ನಿಲ್ಲುತ್ತದೆ. ಕೋಡ್ ಬರೆಯುವ ಸಾಧನವಾದ ಇಂಟೆಲಿಜೆ ಐಡಿಯಾದಲ್ಲಿ ‘ರಿಮೋಟ್ ಜೆವಿಎಂ ಡೀಬಗ್’ ಎಂಬ ಸಿದ್ಧ ಆಯ್ಕೆಯಿದೆ, ಎಕ್ಲಿಪ್ಸ್‌ನಲ್ಲಿ ‘ರಿಮೋಟ್ ಜಾವಾ ಅಪ್ಲಿಕೇಶನ್’. ಯಾವುದಾದರೂ ಆಗಲಿ, ವಿಳಾಸ ಲೋಕಲ್‌ಹೋಸ್ಟ್, ಪೋರ್ಟ್ 5005. ಡೀಬಗರ್‌ಗೆ ಸರ್ವರ್ ಪಕ್ಕದ ಕೋಣೆಯಲ್ಲಿದೆಯೋ ಮುಂಬೈಯಲ್ಲಿದೆಯೋ ತಿಳಿಯುವುದೇ ಇಲ್ಲ.

ಮೊದಲ ಸಂಜೆ: ಮಾಯವಾದ ದೋಷ

ಕಚೇರಿ ಮುಚ್ಚುವ ಹೊತ್ತಿಗೆ, ಆರು ಗಂಟೆಯ ಮೇಲೆ ಶುರು ಮಾಡಿದೆ. ಡೀಬಗರ್‌ನ ಬಾಗಿಲು ತೆರೆಯಬೇಕಾದರೆ ತಂತ್ರಾಂಶವನ್ನು ಒಮ್ಮೆ ನಿಲ್ಲಿಸಿ ಹೊಸ ಆಯ್ಕೆಯೊಂದಿಗೆ ಚಾಲೂ ಮಾಡಲೇಬೇಕು, ಬೇರೆ ದಾರಿಯಿರಲಿಲ್ಲ. ಟಾಮ್‌ಕ್ಯಾಟ್‌ನ ‘ಕ್ಯಾಟಲೀನಾ’ ಸ್ಕ್ರಿಪ್ಟ್‌ಗೆ ‘ಜೆಪಿಡಿಎ ಸ್ಟಾರ್ಟ್’ ಎಂದು ಹೇಳಿದರೆ ಸಾಕು, ಡೀಬಗರ್‌ಗಾಗಿ ಲೋಕಲ್‌ಹೋಸ್ಟ್‌ನ 8000ನೇ ಪೋರ್ಟ್ ತಾನಾಗಿ ತೆರೆಯುತ್ತದೆ. ತಂತ್ರಾಂಶಕ್ಕೆಂದೇ ಇರುವ ಬಳಕೆದಾರನ ಹೆಸರಿನಲ್ಲಿ ಲಾಗಿನ್ ಆಗಿ ಹಾಗೆಯೇ ಮಾಡಿದೆ. ಪರೀಕ್ಷಾ ಖಾತೆಯಿಂದ ಒಂದು ರಸೀದಿ ತೆಗೆದೆ.

ಕನ್ನಡ ಸರಿಯಾಗಿ ಬಂತು.

ಇಂತಹ ಕ್ಷಣದಲ್ಲಿ ಮನಸ್ಸು ‘ಸರಿಹೋಯಿತಲ್ಲ, ಬಿಡು’ ಎನ್ನುತ್ತದೆ. ಹಿಂದೆ ಎರಡು ಸಲ ಹಾಗೆಯೇ ಬಿಟ್ಟಿದ್ದೆನಲ್ಲ. ಈ ಸಲ ಟಿಪ್ಪಣಿ ಪುಸ್ತಕದಲ್ಲಿ ಒಂದು ಗೆರೆ ಎಳೆದು ಎರಡು ಕಡೆ ಬರೆದೆ: ‘ಕೈಯಿಂದ ಚಾಲೂ ಮಾಡಿದರೆ ಸರಿ. ಯಂತ್ರ ತಾನೇ ಚಾಲೂ ಮಾಡಿದರೆ ಕೆಡುತ್ತದೆ.’ ಸರ್ವರ್‌ನ ದಾಖಲೆ ತೆಗೆದು ನೋಡಿದರೆ ಭಾನುವಾರ ರಾತ್ರಿ ಭದ್ರತಾ ಪರಿಷ್ಕರಣೆಯ ನಂತರ ಯಂತ್ರ ರೀಬೂಟ್ ಆಗಿತ್ತು. ಹಿಂದಿನ ಎರಡೂ ದೂರುಗಳ ಹಿಂದಿನ ರಾತ್ರಿಗಳಲ್ಲಿಯೂ ರೀಬೂಟ್. ರೀಬೂಟ್ ಆದಾಗ ಟಾಮ್‌ಕ್ಯಾಟ್ ಅನ್ನು ಎಬ್ಬಿಸುವುದು ಸಿಸ್ಟಮ್‌ಡಿ, ಲಿನಕ್ಸ್‌ನಲ್ಲಿ ಸೇವೆಗಳನ್ನು ಚಾಲೂ ಮಾಡುವ ವ್ಯವಸ್ಥೆ. ದೂರು ಬಂದಾಗ ಎಬ್ಬಿಸುತ್ತಿದ್ದವನು ನಾನು.

ಆಗ ನನ್ನ ಸಂಶಯ ಹೋದದ್ದು ಫೋಲ್ಡರ್ ಮೇಲೆ. ದರ್ಜೆಗಳ ಕನ್ನಡ ಹೆಸರುಗಳು ಒಂದು ಸಣ್ಣ ಪಠ್ಯ ಕಡತದಲ್ಲಿವೆ. ಸಿಸ್ಟಮ್‌ಡಿ ಬೇರೆ ಫೋಲ್ಡರ್‌ನಿಂದ ಚಾಲೂ ಮಾಡುವುದರಿಂದ ಯಾವುದೋ ಹಳೆಯ ಪ್ರತಿ ಓದಿಸಿಕೊಳ್ಳುತ್ತಿದೆ ಎಂದುಕೊಂಡೆ. ತಪ್ಪು ಸಂಶಯವೆಂದು ಆಮೇಲೆ ತಿಳಿಯಿತು, ಆದರೆ ಅದನ್ನು ಪರೀಕ್ಷಿಸಲು ಸಿಸ್ಟಮ್‌ಡಿಯಿಂದಲೇ ಡೀಬಗ್ ಆಯ್ಕೆಯನ್ನು ಕೊಡಿಸಬೇಕಾಯಿತು. ಸೇವೆಯ ಮೂಲ ಕಡತವನ್ನು ಮುಟ್ಟದೆ, ‘ಸಿಸ್ಟಮ್‌ಸಿಟಿಎಲ್ ಎಡಿಟ್’ ಮೂಲಕ ಪಕ್ಕದಲ್ಲಿ ಒಂದು ಸಣ್ಣ ತಿದ್ದುಪಡಿ ಕಡತ ಇಟ್ಟು, ಅದರಲ್ಲಿ ಏಜೆಂಟ್‌ಲಿಬ್ ಸಾಲನ್ನು ಬರೆದೆ.

ಮೊದಲು ಬರೆದದ್ದು ‘ಜಾವಾ ಆಪ್ಟ್ಸ್’ ಎಂಬ ವೇರಿಯೇಬಲ್‌ನಲ್ಲಿ. ಚಾಲೂ ಆಯಿತು, ಆದರೆ ನಿಲ್ಲಿಸಲು ಹೋದರೆ ನಿಲ್ಲಲಿಲ್ಲ. ಪೋರ್ಟ್ ಈಗಾಗಲೇ ಬಳಕೆಯಲ್ಲಿದೆ ಎಂಬ ದೂರು. ಟಾಮ್‌ಕ್ಯಾಟ್‌ಗೆ ನಿಲ್ಲು ಎಂದು ಹೇಳಲು ಇನ್ನೊಂದು ಪುಟ್ಟ ಜಾವಾ ಯಂತ್ರ ಏಳುತ್ತದೆ, ಅದೂ ಅದೇ ವೇರಿಯೇಬಲ್ ಓದಿ ಅದೇ 5005ನ್ನು ತೆರೆಯಲು ಹೋಗಿ ಸಾಯುತ್ತದೆ. ‘ಕ್ಯಾಟಲೀನಾ ಆಪ್ಟ್ಸ್’ ಎಂಬ ಇನ್ನೊಂದು ವೇರಿಯೇಬಲ್ ಇರುವುದು ಚಾಲೂ ಮಾಡುವಾಗಿನ ಬಳಕೆಗಷ್ಟೇ. ಅದಕ್ಕೆ ಬದಲಾಯಿಸಿದೆ. ಹಳೆಯ ಪ್ರಕ್ರಿಯೆಯನ್ನು ಕೊಲ್ಲಬೇಕಾಯಿತು.

ಸೇವೆ ಎದ್ದಿತು. ಪರೀಕ್ಷಾ ರಸೀದಿ ತೆಗೆದೆ. ಪ್ರಶ್ನೆಚಿಹ್ನೆಗಳು! ಅವನ್ನು ಕಂಡು ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಸುರಂಗದ ಆ ತುದಿ ತಲುಪಿದೆಯೇ ಎಂದು ನೋಡಲು ಒಂದು ಸುಲಭ ಪರೀಕ್ಷೆಯಿದೆ. ಜೆಡಿಡಬ್ಲ್ಯುಪಿಯಲ್ಲಿ ಎರಡೂ ಕಡೆಯವರು ಮೊದಲು ಆಡುವ ಮಾತು ಒಂದೇ: ‘ಜೆಡಿಡಬ್ಲ್ಯುಪಿ-ಹ್ಯಾಂಡ್‌ಶೇಕ್’ ಎಂಬ, ಇಂಗ್ಲಿಷ್ ಲಿಪಿಯಲ್ಲಿ ಹದಿನಾಲ್ಕು ಬೈಟ್‌ಗಳ ಸಾಲು. ಪೋರ್ಟ್‌ಗೆ ನೇರವಾಗಿ ಪಠ್ಯ ಕಳುಹಿಸುವ ನೆಟ್‌ಕ್ಯಾಟ್‌ನಿಂದ ಅದನ್ನು ಕಳುಹಿಸಿದರೆ ಅದೇ ಸಾಲು ಮರಳಿ ಬರುತ್ತದೆ. ಬಂತು. ಆಮೇಲೆ ಐಡಿಯಾದಿಂದ ಜೋಡಿಸಲು ಹೋದರೆ ಜೋಡಣೆಯಾಗಲಿಲ್ಲ. ಒಂದು ಹೊತ್ತಿಗೆ ಒಬ್ಬರೇ ಅತಿಥಿ ಎಂಬುದು ಈ ಬಾಗಿಲಿನ ನಿಯಮ. ನನ್ನ ನೆಟ್‌ಕ್ಯಾಟ್ ಇನ್ನೂ ಒಳಗೇ ಕುಳಿತಿತ್ತು. ಅದನ್ನು ಮುಚ್ಚಿದ ಮೇಲೆ ಐಡಿಯಾ ಒಳಗೆ ಹೋಯಿತು.

ಸಾಲು ತಪ್ಪಿದ ಬ್ರೇಕ್‌ಪಾಯಿಂಟ್

ರಸೀದಿ ಬರೆಯುವ ವರ್ಗದಲ್ಲಿ ಬ್ರೇಕ್‌ಪಾಯಿಂಟ್, ಅಂದರೆ ‘ಈ ಸಾಲಿಗೆ ಬಂದಾಗ ನಿಲ್ಲು’ ಎಂಬ ಗುರುತು, ಇಟ್ಟೆ. ತಂತ್ರಾಂಶ ನಿಂತಿತು, ಆದರೆ ಖಾಲಿ ಸಾಲಿನ ಮೇಲೆ. ಒಂದು ಹೆಜ್ಜೆ ಮುಂದೆ ಹೋದರೆ ಟಿಪ್ಪಣಿಯ ಮಧ್ಯದಲ್ಲಿ. ಕಾರಣ ಸರಳ. ಡೀಬಗರ್ ಮತ್ತು ಸರ್ವರ್ ನಡುವೆ ಓಡಾಡುವುದು ಸಾಲಿನ ಸಂಖ್ಯೆ ಮಾತ್ರ, ಆಕರ ಪಠ್ಯವಲ್ಲ. ಸರ್ವರ್‌ನಲ್ಲಿರುವುದು ಎರಡು ತಿಂಗಳ ಹಿಂದಿನ ಆವೃತ್ತಿ. ನನ್ನ ಪರದೆಯ ಮೇಲಿದ್ದುದು ಇಂದಿನದು, ಮಧ್ಯೆ ಹನ್ನೊಂದು ಸಾಲು ಸೇರಿತ್ತು. ಸರ್ವರ್‌ಗೆ ಏರಿಸುವ ವಾರ್ ಕಡತದೊಳಗೆ ಗಿಟ್‌ನ ಕಮಿಟ್ ಸಂಖ್ಯೆ (ಆ ಆವೃತ್ತಿಯ ಗುರುತು) ಬರೆದಿಡುವ ಅಭ್ಯಾಸ ನನಗಿದೆ, ಅದು ಈ ದಿನ ಕಾಪಾಡಿತು. ಅದೇ ಕಮಿಟ್‌ಗೆ ಹಿಂದಿರುಗಿ ಯೋಜನೆ ತೆರೆದಾಗ ಸಾಲುಗಳು ಕೂಡಿದವು.

ಮತ್ತೊಮ್ಮೆ ರಸೀದಿ ತೆಗೆದೆ. ನಿಂತಿತು. ವೇರಿಯೇಬಲ್‌ಗಳ ಪಟ್ಟಿ ತೆರೆಯುವಷ್ಟರಲ್ಲಿ ಫೋನ್ ಬಡಿಯಿತು.

“ಸರ್, ಪರದೆ ಅಲುಗಾಡುತ್ತಿಲ್ಲ. ಇಬ್ಬರು ಬೆಳೆಗಾರರು ಇನ್ನೂ ಇಲ್ಲೇ ಇದ್ದಾರೆ, ಅವರು ಹೋಗಬೇಕಾದ ಬಸ್ ಏಳಕ್ಕೆ.”

ಕಚೇರಿ ಮುಚ್ಚಿದೆ ಎಂದುಕೊಂಡಿದ್ದೆ. ತಡವಾಗಿ ಬಂದ ಅಡಿಕೆಯನ್ನು ಅವರು ತೂಗಿಸಿಕೊಳ್ಳುತ್ತಿದ್ದರು. ಬ್ರೇಕ್‌ಪಾಯಿಂಟ್‌ಗೆ ಐಡಿಯಾ ತಾನಾಗಿ ಕೊಡುವ ಗುಣ ‘ಎಲ್ಲವನ್ನೂ ನಿಲ್ಲಿಸು’; ನನ್ನ ಪರೀಕ್ಷಾ ರಸೀದಿಯೊಂದಿಗೆ ಇಡೀ ಜಾವಾ ಯಂತ್ರವೇ ಸ್ತಬ್ಧವಾಗಿತ್ತು. ತಕ್ಷಣ ಬಿಡುಗಡೆ ಮಾಡಿದೆ. “ಕ್ಷಮಿಸಿ ಅಮ್ಮ, ನನ್ನ ಕಡೆಯಿಂದ ಆದದ್ದು. ಈಗ ನೋಡಿ” ಎಂದೆ. ಬ್ರೇಕ್‌ಪಾಯಿಂಟ್‌ನ ಗುಣವನ್ನು ‘ಆ ಥ್ರೆಡ್ ಮಾತ್ರ’ (ಆ ಒಂದು ಕೆಲಸದ ಎಳೆ ಮಾತ್ರ) ಎಂದು ಬದಲಿಸಿ, ನನ್ನ ಪರೀಕ್ಷಾ ಖಾತೆಯ ಸಂಖ್ಯೆ ಬಂದರೆ ಮಾತ್ರ ನಿಲ್ಲು ಎಂಬ ಷರತ್ತನ್ನೂ ಸೇರಿಸಿದೆ.

ಎರಡು ನಿಮಿಷಕ್ಕೆ ಮತ್ತೆ ಫೋನ್. ಅವರ ಮುಂದಿನ ರಸೀದಿ ತಿರುಗುತ್ತಲೇ ಇದೆ.

ಇದನ್ನು ಅರ್ಥ ಮಾಡಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಥ್ರೆಡ್ ಒಂದೇ ನಿಂತಿತ್ತು, ನಿಜ. ಆದರೆ ನಾನು ನಿಲ್ಲಿಸಿದ ಸಾಲು ದತ್ತಸಂಚಯದ ವಹಿವಾಟಿನ ಒಳಗಿತ್ತು. ಮುಂದಿನ ರಸೀದಿ ಸಂಖ್ಯೆಯನ್ನು ಕೊಡುವ ಕೋಷ್ಟಕದ ಸಾಲಿಗೆ ಬೀಗ ಹಾಕಿಕೊಂಡೇ ನನ್ನ ಥ್ರೆಡ್ ನಿಂತಿತ್ತು; ನಮ್ಮ ದತ್ತಸಂಚಯ ಪೋಸ್ಟ್‌ಗ್ರೆಸ್ ಉಳಿದವರನ್ನೆಲ್ಲ ಆ ಬೀಗದ ಹಿಂದೆ ಸಾಲಾಗಿ ನಿಲ್ಲಿಸಿತ್ತು. ಚಾಲ್ತಿಯಲ್ಲಿರುವ ಸರ್ವರ್‌ಗೆ ಡೀಬಗರ್ ಜೋಡಿಸುವವರು ಬ್ರೇಕ್‌ಪಾಯಿಂಟ್ ಇಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ಈ ಸಾಲಿನಲ್ಲಿ ನಿಂತ ಥ್ರೆಡ್ ಕೈಯಲ್ಲಿ ಏನನ್ನು ಹಿಡಿದುಕೊಂಡಿದೆ? ಬ್ರೇಕ್‌ಪಾಯಿಂಟ್ ತೆಗೆದು, ಅವರ ಕೆಲಸ ಮುಗಿಯಲಿ ಎಂದು ಕಾದೆ. ಏಳಕ್ಕೆ ಐದು ನಿಮಿಷವಿದ್ದಾಗ “ಇಬ್ಬರೂ ಹೊರಟರು ಸರ್, ನಾನೂ ಬಾಗಿಲು ಹಾಕುತ್ತೇನೆ” ಎಂಬ ಸಂದೇಶ ಬಂತು. ಆಮೇಲೆಯೇ ಮುಂದುವರಿದದ್ದು. ಈ ಸಲ ಬ್ರೇಕ್‌ಪಾಯಿಂಟ್ ಇಟ್ಟದ್ದು ವಹಿವಾಟು ಪೂರ್ಣಗೊಂಡ ನಂತರದ, ಕಡತಕ್ಕೆ ಬರೆಯುವ ಸಾಲಿನಲ್ಲಿ.

ಒಳಗೆ ಕಂಡದ್ದು

ನಿಂತ ಜಾಗದಲ್ಲಿ ಮೊದಲು ಬೆಳೆಗಾರರ ಹೆಸರಿನ ಸ್ಟ್ರಿಂಗ್ (ಅಕ್ಷರಗಳ ಸಾಲು) ನೋಡಿದೆ. ಕನ್ನಡದಲ್ಲಿ, ಸರಿಯಾಗಿ, ನನ್ನ ಪರದೆಯ ಮೇಲೆ. ದತ್ತಸಂಚಯದಿಂದ ಬಂದದ್ದು ಅದು. ಪೋಸ್ಟ್‌ಗ್ರೆಸ್‌ನ ಚಾಲಕ ಯುಟಿಎಫ್-8ರಲ್ಲಿಯೇ ಮಾತನಾಡುತ್ತದೆ, ಬೇರೆ ಯಾರನ್ನೂ ಕೇಳುವುದಿಲ್ಲ.

ದರ್ಜೆಯ ಸ್ಟ್ರಿಂಗ್: ������������. ಉದ್ದ ಎಷ್ಟೆಂದು ಕೇಳಿದೆ. 12. ಮೊದಲ ಅಕ್ಷರದ ಸಂಖ್ಯೆ ಕೇಳಿದೆ. 65533. ‘ಇಲ್ಲಿ ಏನೋ ಇತ್ತು, ನನಗೆ ಓದಲಾಗಲಿಲ್ಲ’ ಎಂದು ಹೇಳಲು ಯೂನಿಕೋಡ್ ಮೀಸಲಿಟ್ಟ ಸಂಕೇತವದು. ಕಾಗದದ ಮೇಲಿನ ಎಣಿಕೆ ನಿಜವಾಗಿತ್ತು. ದರ್ಜೆಯ ಕಡತದ ಪೂರ್ಣ ವಿಳಾಸವನ್ನೂ ನೋಡಿದೆ. ಒಂದೇ ಕಡತ, ಸರಿಯಾದ ಕಡತ. ಫೋಲ್ಡರ್ ಮೇಲಿನ ನನ್ನ ಸಂಶಯ ಅಲ್ಲಿಗೆ ಮುಗಿಯಿತು.

ಆಮೇಲೆ ಡೀಬಗರ್‌ನ ‘ಇವ್ಯಾಲ್ಯುಯೇಟ್’ ಪೆಟ್ಟಿಗೆಯಲ್ಲಿ, ಬೇರೇನೂ ಹೇಳದಿದ್ದಾಗ ಜಾವಾ ಬಳಸುವ ಸಂಕೇತಕ್ರಮವನ್ನು ತಿಳಿಸುವ, ಚಾರ್‌ಸೆಟ್ ವರ್ಗದ ‘ಡೀಫಾಲ್ಟ್‌ಚಾರ್‌ಸೆಟ್’ ಎಂಬುದನ್ನು ಕರೆದೆ. ಈ ಪೆಟ್ಟಿಗೆಯಲ್ಲಿ ಬರೆದದ್ದು ನನ್ನ ಲ್ಯಾಪ್‌ಟಾಪಿನಲ್ಲಿ ಅಲ್ಲ, ಮುಂಬೈಯ ಆ ಯಂತ್ರದಲ್ಲಿ, ನಿಂತಿರುವ ಆ ಥ್ರೆಡ್‌ನಲ್ಲಿಯೇ ನಡೆಯುತ್ತದೆ. ದೂರದ ಡೀಬಗಿಂಗ್‌ನ ನಿಜವಾದ ಶಕ್ತಿ ಇದು. ಲಾಗ್ ಸಾಲು ಸೇರಿಸಿ, ಹೊಸ ವಾರ್ ಕಟ್ಟಿ, ಏರಿಸಿ, ಮತ್ತೆ ಕಾಯುವ ಬದಲು ಕೇಳಿದ ಪ್ರಶ್ನೆಗೆ ಆ ಕ್ಷಣವೇ ಉತ್ತರ ಬರುತ್ತದೆ.

ಉತ್ತರ: ಯುಎಸ್-ಆಸ್ಕಿ.

ಕೇವಲ 128 ಸಂಕೇತಗಳ ಆಸ್ಕಿ. ಅದರಲ್ಲಿ ಕನ್ನಡದ ಒಂದು ಅಕ್ಷರಕ್ಕೂ ಜಾಗವಿಲ್ಲ. ಪ್ರಕ್ರಿಯೆಯ ಪರಿಸರವನ್ನು ಪ್ರಾಕ್ ಫೋಲ್ಡರ್‌ನ ‘ಎನ್ವಿರಾನ್’ ಕಡತದಲ್ಲಿ ಓದಿದೆ. ಯಂತ್ರದ ಭಾಷೆ ಮತ್ತು ಸಂಕೇತಕ್ರಮವನ್ನು ಹೇಳುವ ‘ಲ್ಯಾಂಗ್’ ಎಂಬ ವೇರಿಯೇಬಲ್ ಅಲ್ಲಿ ಇರಲೇ ಇಲ್ಲ. ಈಗ ಇಡೀ ಕಥೆ ಬಿಡಿಸಿಕೊಂಡಿತು. ಈ ಬಾಡಿಗೆ ಸರ್ವರ್‌ನ ಚಿತ್ರಿಕೆಯಲ್ಲಿ (ಸಿದ್ಧ ವ್ಯವಸ್ಥೆಯ ಪ್ರತಿಯಲ್ಲಿ) ಯಂತ್ರದ ಭಾಷೆಯನ್ನು ಯಾರೂ ಗೊತ್ತುಪಡಿಸಿರಲಿಲ್ಲ. ಹಾಗಿರುವಾಗ ಸಿಸ್ಟಮ್‌ಡಿ ಎಬ್ಬಿಸಿದ ಸೇವೆಗೆ ಲ್ಯಾಂಗ್ ಸಿಗುವುದಿಲ್ಲ, ಜಾವಾ 11 ಅದನ್ನು ಕಂಡು ಆಸ್ಕಿಗೆ ಇಳಿಯುತ್ತದೆ. ನಾನು ಎಸ್‌ಎಸ್‌ಎಚ್ ಮೂಲಕ ಹೋದಾಗ ನನ್ನ ಲ್ಯಾಪ್‌ಟಾಪ್ ತನ್ನ ಲ್ಯಾಂಗ್ ಅನ್ನು ಜೊತೆಗೇ ಕಳುಹಿಸುತ್ತದೆ, ಸರ್ವರ್ ಅದನ್ನು ಒಪ್ಪಿಕೊಳ್ಳುತ್ತದೆ. ಕೈಯಿಂದ ಎಬ್ಬಿಸಿದ ಟಾಮ್‌ಕ್ಯಾಟ್‌ಗೆ ಯುಟಿಎಫ್-8 ಸಿಗುತ್ತದೆ. ಎರಡು ಸಲ ದೋಷ ‘ಸರಿಯಾದದ್ದು’ ಮರುಚಾಲನೆಯಿಂದಲ್ಲ, ನನ್ನ ಲ್ಯಾಪ್‌ಟಾಪಿನ ಪರಿಸರ ಅದಕ್ಕೆ ಅಂಟಿಕೊಂಡದ್ದರಿಂದ.

ಬರೆಯುವ ಸಾಲಿಗೆ ಬಂದೆ. ‘ಫೈಲ್‌ರೈಟರ್’ ಅನ್ನು ಅದರ ಸಂಕೇತಕ್ರಮ ಏನೆಂದು ಕೇಳಿದರೆ ಅದೂ ಆಸ್ಕಿ ಎಂದಿತು. ಸರಿಯಾಗಿದ್ದ ಹೆಸರು ಅಲ್ಲಿ ಸಂಕೇತಕ್ಕೊಂದರಂತೆ ಆರು ಪ್ರಶ್ನೆಚಿಹ್ನೆಯಾಗುತ್ತದೆ. ಮೊದಲೇ ಕೆಟ್ಟಿದ್ದ ದರ್ಜೆಯ ಹನ್ನೆರಡು 65533ಗಳು ಹನ್ನೆರಡು ಪ್ರಶ್ನೆಚಿಹ್ನೆಗಳಾಗುತ್ತವೆ. ಈ ಎರಡೂ ಕಡೆ ಜಾವಾ ಯಾವ ದೂರನ್ನೂ ಹೇಳುವುದಿಲ್ಲ. ಅಪವಾದವನ್ನು, ಅಂದರೆ ದೋಷಸೂಚನೆಯನ್ನು, ಎಸೆಯುವುದಿಲ್ಲ, ಲಾಗ್‌ನಲ್ಲಿ ಒಂದು ಸಾಲು ಬರೆಯುವುದಿಲ್ಲ. ಸುಮ್ಮನೆ ಅಕ್ಷರವನ್ನು ಅಳಿಸಿ ಚಿಹ್ನೆ ಇಡುತ್ತದೆ. ಇದು ನನಗೆ ಇಂದಿಗೂ ಒಪ್ಪಿಗೆಯಾಗದ ನಡವಳಿಕೆ.

ಅಲ್ಲಿಯೇ ಒಂದು ಪ್ರಯೋಗ ಮಾಡಿದೆ. ಇವ್ಯಾಲ್ಯುಯೇಟ್ ಪೆಟ್ಟಿಗೆಯಿಂದಲೇ ‘ಫೈಲ್ ಎನ್‌ಕೋಡಿಂಗ್’ ಗುಣವನ್ನು ಯುಟಿಎಫ್-8 ಎಂದು ಬದಲಿಸಿದೆ. ಗುಣವನ್ನು ಓದಿದರೆ ಯುಟಿಎಫ್-8 ಎಂದು ತೋರಿಸುತ್ತದೆ, ಡೀಫಾಲ್ಟ್‌ಚಾರ್‌ಸೆಟ್ ಕೇಳಿದರೆ ಆಸ್ಕಿಯೇ. ಅದನ್ನು ಯಂತ್ರ ಒಮ್ಮೆ ನಿರ್ಧರಿಸಿ ಎತ್ತಿಟ್ಟುಕೊಂಡುಬಿಡುತ್ತದೆ. ತಂತ್ರಾಂಶದ ಒಳಗಿನಿಂದ ಈ ಗುಣವನ್ನು ಹೊಂದಿಸಿ ಪರಿಹಾರ ಸಿಕ್ಕಿತು ಎಂದುಕೊಳ್ಳುವವರಿಗೆ ಇದು ತಿಳಿದಿರಲಿ.

ಡೀಬಗರ್ ಬೇರ್ಪಡಿಸಿ, ತಿದ್ದುಪಡಿ ಕಡತ ತೆಗೆದು, ರಾತ್ರಿಯ ಮಟ್ಟಿಗೆ ಕೈಯಿಂದ ಚಾಲೂ ಮಾಡಿ ಮಲಗಿದೆ. ಬೆಳಗ್ಗೆ ಬರುವವರಿಗೆ ಕನ್ನಡದ ರಸೀದಿ ಸಿಗಬೇಕಿತ್ತು.

ಎರಡನೆಯ ಸಂಜೆ

ಓದುವ ಕಡೆಯ ದೋಷದ ಫಲವನ್ನು ಕಂಡಿದ್ದೆ, ದೋಷವನ್ನೇ ಕಂಡಿರಲಿಲ್ಲ. ದರ್ಜೆಯ ಪಟ್ಟಿಯನ್ನು ತಂತ್ರಾಂಶ ಏಳುವಾಗ ಒಮ್ಮೆ ಮಾತ್ರ ಓದುತ್ತದೆ. ನಾನು ಜೋಡಿಸಿಕೊಳ್ಳುವ ಹೊತ್ತಿಗೆ ಆ ಸಾಲು ದಾಟಿರುತ್ತದೆ. ಇದಕ್ಕಾಗಿಯೇ ‘ಸಸ್ಪೆಂಡ್’ ಆಯ್ಕೆಗೆ ಹೌದು ಎನ್ನುವುದು. ಆಗ ಜಾವಾ ಯಂತ್ರ ನಮ್ಮ ಒಂದು ಸಾಲನ್ನೂ ನಡೆಸದೆ ಡೀಬಗರ್‌ಗಾಗಿ ಕಾದು ನಿಲ್ಲುತ್ತದೆ. ಇದನ್ನು ಮರೆತು ಬಿಟ್ಟರೆ ಮುಂದಿನ ರೀಬೂಟ್‌ನಲ್ಲಿ ಸೇವೆ ಏಳುವುದೇ ಇಲ್ಲ, ಆದ್ದರಿಂದ ತೆಗೆಯಬೇಕೆಂದು ಚೀಟಿ ಬರೆದು ಪರದೆಯ ಅಂಚಿಗೆ ಅಂಟಿಸಿಕೊಂಡೆ.

ಈ ಸಲ ಗುಮಾಸ್ತೆಯವರಿಗೆ ಫೋನ್ ಮಾಡಿ, ಬಾಗಿಲು ಹಾಕಿದ್ದಾರೆ ಎಂದು ಖಚಿತಪಡಿಸಿಕೊಂಡೇ ಶುರು ಮಾಡಿದೆ. ಜೋಡಿಸಿದೆ, ನಿಂತಿತು, ಕಂಡಿತು: ಕಡತದ ಹೆಸರು ಮಾತ್ರ ಕೊಟ್ಟು ತೆರೆದ ‘ಫೈಲ್‌ರೀಡರ್’. ನಾಲ್ಕು ವರ್ಷದ ಹಿಂದೆ ನಾನೇ ಬರೆದ ಸಾಲು. ಯಾವ ಸಂಕೇತಕ್ರಮದಲ್ಲಿ ಓದಬೇಕೆಂದು ಹೇಳಿಲ್ಲ, ಆದ್ದರಿಂದ ಅದು ಯಂತ್ರವನ್ನು ಕೇಳುತ್ತದೆ, ಯಂತ್ರ ಆಸ್ಕಿ ಎನ್ನುತ್ತದೆ. ಐದು ನಿಮಿಷದ ಕೆಲಸ.

ತಿದ್ದಿದ್ದು ಹೀಗೆ. ಓದುವ ಕಡೆ ‘ಫೈಲ್ಸ್’ ವರ್ಗದ ‘ನ್ಯೂ ಬಫರ್ಡ್ ರೀಡರ್’. ಅದು ಯಂತ್ರ ಏನೇ ಹೇಳಿದರೂ ಯುಟಿಎಫ್-8ರಲ್ಲಿಯೇ ಓದುತ್ತದೆ, ಮತ್ತು ಕೆಟ್ಟ ಬೈಟ್ ಸಿಕ್ಕರೆ ಸುಮ್ಮನಿರದೆ ಅಪವಾದ ಎಸೆಯುತ್ತದೆ. ನನಗೆ ಬೇಕಾದ ಗುಣ ಈ ಎರಡನೆಯದು: ತಪ್ಪಾದ ರಸೀದಿಗಿಂತ ಬಾರದ ರಸೀದಿ ಮೇಲು, ಬಾರದಿದ್ದರೆ ಕೂಡಲೇ ಫೋನ್ ಬರುತ್ತದೆ. ಬರೆಯುವ ಕಡೆ ಅದೇ ವರ್ಗದ ‘ನ್ಯೂ ಬಫರ್ಡ್ ರೈಟರ್’. ಲ್ಯಾಪ್‌ಟಾಪಿನಲ್ಲಿ ‘ಎಲ್‌ಸಿ ಆಲ್’ ವೇರಿಯೇಬಲ್‌ಗೆ ಬರೀ ‘ಸಿ’ ಎಂದು ಕೊಟ್ಟು ಟಾಮ್‌ಕ್ಯಾಟ್ ಎಬ್ಬಿಸಿದರೆ ಹಳೆಯ ಆವೃತ್ತಿಯಲ್ಲಿ ದೋಷ ನನ್ನ ಮೇಜಿನ ಮೇಲೆಯೇ ಕಾಣಿಸಿತು, ಹೊಸದರಲ್ಲಿ ಕಾಣಿಸಲಿಲ್ಲ. ಕಾರಣ ತಿಳಿದ ಮೇಲೆ ಮುಂಬೈಗೆ ಹೋಗಬೇಕಾದ ಅಗತ್ಯವೇ ಇಲ್ಲ.

ಸೇವೆಯ ಕಡತಕ್ಕೆ ಲ್ಯಾಂಗ್ ಸಾಲನ್ನೂ ಸೇರಿಸಿದೆ, ‘ಸಿ.ಯುಟಿಎಫ್-8’ ಎಂದು. ಆದರೆ ಮೊದಲು ಅದಿಲ್ಲದೆಯೇ ಸರ್ವರ್ ಅನ್ನು ರೀಬೂಟ್ ಮಾಡಿ ರಸೀದಿ ತೆಗೆದು ನೋಡಿದೆ. ಇಲ್ಲದಿದ್ದರೆ ಕೋಡ್ ಸರಿಯಾಯಿತೋ ಪರಿಸರ ಸರಿಯಾಯಿತೋ ಎಂದು ತಿಳಿಯುತ್ತಿರಲಿಲ್ಲ. ಜಾವಾ 18ರಿಂದ, ಅಂದರೆ 2022ರ ಮಾರ್ಚ್‌ನಿಂದ, ಡೀಫಾಲ್ಟ್ ಸಂಕೇತಕ್ರಮ ಎಲ್ಲೆಡೆ ಯುಟಿಎಫ್-8 ಆಗಿದೆ. 11ರಿಂದ 17ಕ್ಕೆ ಏರಿದರೆ ಈ ದೋಷ ಹೋಗುವುದಿಲ್ಲ, 21ಕ್ಕೆ ಏರಿದರೆ ಹೋಗುತ್ತದೆ. ಕಡತಗಳ ಹೆಸರು ಕನ್ನಡದಲ್ಲಿದ್ದರೆ ಮಾತ್ರ ಯಂತ್ರದ ಭಾಷೆಯ ಪ್ರಶ್ನೆ ಆಗಲೂ ಉಳಿಯುತ್ತದೆ. ನಮ್ಮ ರಸೀದಿ ಕಡತಗಳಿಗೆ ಸಂಖ್ಯೆಯೇ ಹೆಸರು, ಆದ್ದರಿಂದ ತೊಂದರೆಯಿಲ್ಲ.

ಚೀಟಿ ನೋಡಿ ಸಸ್ಪೆಂಡ್ ಇದ್ದ ತಿದ್ದುಪಡಿ ಕಡತವನ್ನು ಅಳಿಸಿದೆ. ಸೇವೆಯನ್ನು ಮರುಚಾಲನೆ ಮಾಡಿ, ‘ಎಸ್‌ಎಸ್’ ಆಜ್ಞೆಯಿಂದ ತೆರೆದಿರುವ ಪೋರ್ಟ್‌ಗಳ ಪಟ್ಟಿ ತೆಗೆದು, 5005 ಇಲ್ಲವೆಂದು ಎರಡು ಸಲ ನೋಡಿದೆ. ಸುರಂಗ ಮುಚ್ಚಿದೆ.

ಬುಧವಾರ ಬೆಳಗ್ಗೆ ಒಂಬತ್ತೂ ಮುಕ್ಕಾಲಿಗೆ ಫೋಟೊ ಬಂತು, ಮಾತಿಲ್ಲದೆ. ಹೆಸರು ಕನ್ನಡದಲ್ಲಿ, ದರ್ಜೆಯ ಖಾನೆಯಲ್ಲಿ ‘ಸರಕು’.

ಉಳಿದಿರುವುದು ಎರಡು ಕೆಲಸ. ಯೋಜನೆಯಲ್ಲಿ ಹುಡುಕಿದಾಗ ಪಠ್ಯವನ್ನು ಬೈಟ್‌ಗಳಾಗಿಸುವ, ಆದರೆ ಸಂಕೇತಕ್ರಮ ಹೇಳದ ‘ಗೆಟ್‌ಬೈಟ್ಸ್’ ಇನ್ನೂ ಮೂರು ಕಡೆ ಸಿಕ್ಕಿತು, ಒಂದು ದಿನದ ಲೆಕ್ಕವನ್ನು ಹೊರತೆಗೆಯುವ ಭಾಗದಲ್ಲಿ. ಮೂರನ್ನೂ ತಿದ್ದಿ, ಇಂತಹ ಕರೆಗಳು ಕಂಡರೆ ಕಟ್ಟುವುದನ್ನೇ ನಿಲ್ಲಿಸುವ ‘ಫರ್ಬಿಡನ್ ಎಪಿಐಸ್’ ಪ್ಲಗಿನ್ ಅನ್ನು ತಂತ್ರಾಂಶ ಕಟ್ಟುವ ಸಾಧನವಾದ ಮೇವನ್‌ಗೆ ಸೇರಿಸುತ್ತಿದ್ದೇನೆ. ಇನ್ನೊಂದು ಹಳೆಯ ರಸೀದಿಗಳದು. ಪ್ರಶ್ನೆಚಿಹ್ನೆಯಿಂದ ಅಕ್ಷರವನ್ನು ಮರಳಿ ಪಡೆಯಲಾಗದು, ಆದರೆ ದತ್ತಸಂಚಯದಲ್ಲಿ ದರ್ಜೆಯ ಸಂಖ್ಯೆ ಭದ್ರವಾಗಿತ್ತು. ಮೂರು ಸಲದ ದಿನಗಳನ್ನು ಸೇರಿಸಿ ನಲವತ್ತೊಂದು ರಸೀದಿಗಳು ಸಿಕ್ಕವು. ಸಂಘದವರು ಅವನ್ನು ಮರುಮುದ್ರಿಸಿ, ಊರಿನ ಪ್ರಕಾರ ಜೋಡಿಸಿ ಇಟ್ಟಿದ್ದಾರೆ. ಬೆಳೆಗಾರರು ಮುಂದಿನ ಟೆಂಡರ್ ದಿನ ಬಂದಾಗ ಅವರಿಂದ ಹಳೆಯ ಹಾಳೆ ಪಡೆದು ಹೊಸದನ್ನು ಕೊಡುತ್ತಾರೆ.